ಡೀಪ್ ಫ್ರೀಜರ್‌ನೊಳಗೆ ಬಿಸಿಲು

ಜುಲೈ ತಿಂಗಳು, ಬೆಳಗಿನಿಂದ ಸೋನೆ ಹಿಡಿದಿತ್ತು. ತುಮಕೂರು ಕಡೆಯ ವಸಂತನರಸಾಪುರದ ನಮ್ಮ ಶೆಡ್ಡಿಗೆ ಕಸ್ಟಮರ್ ಕೋಟಿಂಗ್ ನೋಡೋಕೆ ಬರುವ ದಿನ. ಹಿಮ ಬೀಳುವ ಕಡೆಯ ಟವರ್‌ಗಳಿಗೆ ಬೇಕಾದ ಕಪ್ಪು ಕೋಟಿಂಗ್ ಅದು. ಮೇಲೆ ನೀರು ನಿಲ್ಲಬಾರದು. ನಿಂತು ಹೆಪ್ಪುಗಟ್ಟಿದರೂ ಬಿಸಿಲಿಗೆ ಕೋಟಿಂಗ್ ಕಾದು, ಬುಡ ಕರಗಿ, ಗಡ್ಡೆ ಜಾರಿಬೀಳಬೇಕು.

ಹಿಂದಿನ ಸಂಜೆ ನಾನೇ ಕಾಂಟ್ಯಾಕ್ಟ್ ಆ್ಯಂಗಲ್ (ಹನಿಯ ಅಂಚು ಕೋಟಿಂಗ್ ಜೊತೆ ಮಾಡುವ ಕೋನ, ಹೆಚ್ಚಾದಷ್ಟೂ ಹನಿ ಗುಂಡಗೆ) ನೋಡಿದ್ದೆ, 156 ಡಿಗ್ರಿ. 150 ದಾಟಿದರೆ ಸಾಕಿತ್ತು. ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಉರುಳಿತು. ಗ್ರೂಪಿಗೆ 'ಪಾಸ್' ಅಂತ ಹಾಕಿ ಮನೆಗೆ ಹೋದೆ. ನೋಡಿದ್ದು ಕೋಟಿಂಗ್ ಹಚ್ಚಿದ ಒಣ ಪ್ಯಾನೆಲ್, ರೂಮಿನ ಸೆಕೆಯಲ್ಲಿ. ಅದು ಆಗ ತಲೆಗೇ ಬರಲಿಲ್ಲ.

ಚಳಿ, ತೇವ ಬೇಕಾದಷ್ಟಕ್ಕೆ ಇಟ್ಟು ಟೆಸ್ಟ್ ಮಾಡುವ ಕ್ಲೈಮೇಟ್ ಚೇಂಬರ್ ಕೇಳಿ ಕೇಳಿ ಸಾಕಾಗಿ, ಐಸ್‌ಕ್ರೀಮ್ ಅಂಗಡಿಯವರು ಮಾರಿದ ಡೀಪ್ ಫ್ರೀಜರ್‌ನಲ್ಲೇ ಡೆಮೊ. ಮುಚ್ಚಳ ತೆಗೆದೆ. ಮಳೆಗಾಲದ ಗಾಳಿ ಒಳಗೆ ನುಗ್ಗಿತು, ಪ್ಯಾನೆಲ್ ಮೇಲೆ ತೆಳ್ಳಗೆ ಬಿಳಿ ಕೂತಿತು. ಏನಾಗಲ್ಲ ಅಂದುಕೊಂಡು ನೀರು ಸ್ಪ್ರೇ ಮಾಡಿದೆ. ಮೊದಲ ಹನಿ ಅಲ್ಲೇ ಕೂತಿತು. ಅದರ ಪಕ್ಕ ಇನ್ನೊಂದು. ಬೆರಳಿಂದ ತಟ್ಟಿದೆ, ಜಪ್ಪಯ್ಯ ಅನ್ನಲಿಲ್ಲ. ಯಾರೂ ಮಾತಾಡುತ್ತಿಲ್ಲ, ಕಂಪ್ರೆಸರ್ ಮಾತ್ರ ಗೊರಗುಟ್ಟುತ್ತಿದೆ. "ಲ್ಯಾಂಪ್ ಹಾಕಿದ ತಕ್ಷಣ ಬಿಡುತ್ತೆ ಸಾರ್" ಅಂದೆ. ಗಾಜಿನ ಮುಚ್ಚಳ ಎಳೆದು ಮೇಲಿಂದ ಹ್ಯಾಲೊಜೆನ್ ಹಾಕಿದೆ. ಹತ್ತು ನಿಮಿಷ. ಹದಿನೈದು.

ಹಿಂದೆ ನಿಂತಿದ್ದ ಹೆಲ್ಪರ್ ಪಾವಗಡದ ಹುಡುಗ, ಬಿಸಿಲೇನು ಅಂತ ಅವನಿಗೆ ಹೇಳಿಕೊಡಬೇಕಿಲ್ಲ. "ಸಾ, ಗಾಜೆಲ್ಲ ಮಂಜು ಕಟ್ಟೈತೆ. ಒಳಕ್ಕೆ ಬೆಳಕೇ ಹೋಗ್ತಿಲ್ವಲ್ಲ ಸಾ?"

ಕಸ್ಟಮರ್ ನಕ್ಕುಬಿಟ್ಟರು. ನಮ್ಮ ಮ್ಯಾನೇಜರ್ ನಗಲಿಲ್ಲ, ಪುಟ್ಟಿ ಬ್ಲೇಡ್ ತಗೊಂಡು ಗಡ್ಡೆ ಎಬ್ಬಿಸಿದರು. ಜೊತೆಗೆ ಕೋಟಿಂಗೂ ಎದ್ದು ಬಂತು. ಹೋಲಿಕೆಗೆ ಇಟ್ಟಿದ್ದ ಬರೀ ಅಲ್ಯೂಮಿನಿಯಂ ಪ್ಯಾನೆಲ್ ಒಂದೇ ಏಟಿಗೆ ಗಡ್ಡೆ ಬಿಟ್ಟಿತ್ತು, ಅದು ಇನ್ನೊಂದು ಮಾನ ಹೋದ ಕಥೆ.

ಹನಿಯನ್ನು ಎತ್ತಿ ಹಿಡಿಯೋದು ಕೋಟಿಂಗಿನ ಸಣ್ಣ ಸಣ್ಣ ಸಂದಿನಲ್ಲಿರುವ ಗಾಳಿ. ತೇವದ ಗಾಳಿ ಅದೇ ಸಂದಿಗೆ ಹೊಕ್ಕು ಮಂಜಾದರೆ ಮುಗೀತು, ಗಡ್ಡೆ ಅಲ್ಲಿಂದಲೇ ಬೇರು ಬಿಡುತ್ತೆ. ಮೇಲಿನ ಬಿಳಿ ಮಂಜು ಬೆಳಕನ್ನೂ ವಾಪಸ್ ಎಸೆಯುತ್ತೆ.

ಈಗ ಪ್ಯಾನೆಲ್ ತಣ್ಣಗಾಗಿ ಮಂಜು ಕೂತ ಮೇಲೂ ಹನಿ ಬಿಟ್ಟು ನೋಡ್ತೀನಿ. ಲ್ಯಾಂಪನ್ನು ಪ್ಯಾನೆಲ್ ಮುಖದಲ್ಲೇ ಬೆಳಕು ಅಳೆಯೋ ಮೀಟರ್ ಇಟ್ಟು ಚದರ ಮೀಟರಿಗೆ 1000 ವ್ಯಾಟ್‌ಗೆ ಸೆಟ್ ಮಾಡ್ತೀನಿ, ಮೋಡವಿಲ್ಲದ ಮಧ್ಯಾಹ್ನದ ಬಿಸಿಲಿನಷ್ಟು. ರಾತ್ರಿ ಹೊತ್ತು ಕೋಟಿಂಗ್ ಬಿಸಿಯಾಗಲ್ಲ ಅನ್ನೋದನ್ನು ಕೊಟೇಶನ್‌ನಲ್ಲೇ ಬರೀತೀನಿ, ಸೇಲ್ಸ್‌ನವರು ಮುಖ ಗಂಟಿಕ್ಕಿದರೂ ಸರಿ.

ಚೇಂಬರ್ ಫೈಲ್ ಇನ್ನೂ ಪರ್ಚೇಸ್‌ನಲ್ಲೇ ಇದೆ. ಫ್ರೀಜರ್‌ನಲ್ಲಿ ಕ್ಯಾಂಟೀನಿನವರು ಮಜ್ಜಿಗೆ ಪ್ಯಾಕೆಟ್ ಇಡ್ತಾರೆ, ಟ್ರಯಲ್ ದಿನ ಆಚೆ ತೆಗೆದಿಡಬೇಕು.