ಕೊನೆಗೂ ಆರ್‌ಡಿಎ ಶುರು ಮಾಡ್ದೆ

ಮಾಟುಂಗಾದ ನಮ್ಮ ಪುಟ್ಟ ಸಂಗೀತದ ಲೈಬ್ರರಿಲಿ ಕ್ಯಾಟಲಾಗ್ ಮಾಡೋಕೆ ಇನ್ನೂ 1978ರ ಎಎಸಿಆರ್2 ರೂಲ್ಸೇ ನಡೀತಿತ್ತು, ಲೈಬ್ರರಿ ಆಫ್ ಕಾಂಗ್ರೆಸ್‌ನವ್ರು 2013ರಲ್ಲೇ ಅದ್ರ ಬದ್ಲು ಬಂದ ಹೊಸ ರೂಲ್ಸ್ ಆರ್‌ಡಿಎಗೆ ಹೋದ್ರೂ ನಾವು ನಾಳೆ ನೋಡೋಣ ಅಂತಾನೇ ಇದ್ವಿ. ಈ ಮಳೆಗಾಲದಲ್ಲಿ ಕೂತೆ. ಖುಷಿ ಆಗಿದ್ದು ಹಳೇ 'ಮೂವರ ರೂಲ್' ಹೋಗಿದ್ದಕ್ಕೆ, ಮೊದ್ಲು ನಾಲ್ವರು ಸೇರಿ ಮಾಡಿದ ಕೀರ್ತನೆ ಪುಸ್ತಕ ಅಂದ್ರೆ ಮೊದಲ್ನೇ ಹೆಸ್ರು ಹಾಕಿ ಉಳಿದವ್ರನ್ನ 'ಇತರರು' ಅಂತ ತಳ್ಬೇಕಿತ್ತು, ಪಾಪ, ಈಗ ಎಲ್ಲರನ್ನೂ ಹಾಕ್ಬಹುದು. ಆದ್ರೆ ಒಂದು ಕ್ಯಾಸೆಟ್‌ಗೆ ಕ್ಯಾಟಲಾಗ್ ರೆಕಾರ್ಡ್‌ನ 336ನೇ ಫೀಲ್ಡಲ್ಲಿ ಸಂಗೀತ, 337ರಲ್ಲಿ ಆಡಿಯೋ, 338ರಲ್ಲಿ ಕ್ಯಾಸೆಟ್ ಅಂತ ಮೂರ್ಮೂರು ಸಲ ತುಂಬೋದು ತಲೆನೋವು. ಹಳೇ ಕ್ಯಾಟಲಾಗ್ ರೆಕಾರ್ಡ್ ಮುಟ್ಟಲ್ಲ, ಹೊಸದಕ್ಕಷ್ಟೇ ಆರ್‌ಡಿಎ. ಇಲ್ಲಿರೋಳು ನಾನೊಬ್ಳೇ ಮಾರಾಯ್ರೆ!