ಕೆ.ಆರ್. ಪೇಟೆಯ ನಡುವಿನ ಖಾಲಿ ಜಾಗ

ಮೈಸೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಕೆಲಸ ಮಾಡುವ ನಾನು, ಬಿತ್ತನೆ ಬೀಜ ಮತ್ತು ಗೊಬ್ಬರಗಳ ಸಗಟು ವ್ಯಾಪಾರಿಯೊಬ್ಬರಿಗಾಗಿ, ಯಾವ ಅಂಗಡಿಯಿಂದ ಎಷ್ಟು ಬಾಕಿ ಬರಬೇಕೆಂಬ ಪಟ್ಟಿಯನ್ನು ತಾಲ್ಲೂಕುವಾರು ತೆಗೆದುಕೊಡುವ ಪೈಥಾನ್ ಭಾಷೆಯ ಸ್ಕ್ರಿಪ್ಟ್ (ಸಣ್ಣ ಪ್ರೋಗ್ರಾಂ) ಒಂದನ್ನು ಬರೆದಿದ್ದೆ. ಆರಂಭದ ದಿನಾಂಕ, ಕೊನೆಯ ದಿನಾಂಕ, ತಾಲ್ಲೂಕಿನ ಹೆಸರು, ಈ ಮೂರನ್ನೂ ಕಮಾಂಡ್ ಲೈನಿನಲ್ಲಿ, ಅಂದರೆ ಸ್ಕ್ರಿಪ್ಟನ್ನು ಓಡಿಸಲು ಟೈಪ್ ಮಾಡುವ ಸಾಲಿನಲ್ಲಿ, ಇದೇ ಕ್ರಮದಲ್ಲಿ ಕೊಡಬೇಕಿತ್ತು. ಮದ್ದೂರು, ಮಳವಳ್ಳಿ, ನಾಗಮಂಗಲಗಳ ಪಟ್ಟಿಗಳು ಸರಿಯಾಗಿಯೇ ಬಂದವು. ಕೆ.ಆರ್. ಪೇಟೆಯ ಪಟ್ಟಿ ಕಳುಹಿಸಿದ ಮರುದಿನ, ಮಂಡ್ಯದಲ್ಲಿ ಅವರ ಲೆಕ್ಕಪತ್ರ ನೋಡಿಕೊಳ್ಳುವ ಮೇಡಂ ಕರೆ ಮಾಡಿ, “ಸರ್, ಪೇಟೆ ಪಟ್ಟಿಯಲ್ಲಿ ಕೆ.ಆರ್. ನಗರದ ಮೂರು ಅಂಗಡಿಗಳು ಸೇರಿಕೊಂಡಿವೆಯಲ್ಲಾ, ಅದು ಮೈಸೂರು ಜಿಲ್ಲೆ ಅಲ್ವಾ?” ಎಂದು ಕೇಳಿದರು.

ಸ್ಕ್ರಿಪ್ಟಿನ ಒಳಗೆ, ಕೊಟ್ಟ ಪದಗಳನ್ನು ಪೈಥಾನ್ ಇಟ್ಟುಕೊಳ್ಳುವ ಸಿಸ್.ಆರ್ಗ್‌ವಿ ಪಟ್ಟಿಯನ್ನು ಮುದ್ರಿಸಿ ನೋಡಿದಾಗ ಕಾರಣ ತಿಳಿಯಿತು. ನಾವು ಬರೆದ ಸಾಲನ್ನು ಖಾಲಿ ಜಾಗ ಬಂದಲ್ಲೆಲ್ಲ ತುಂಡರಿಸುವುದು ಶೆಲ್, ಅಂದರೆ ನಮ್ಮ ಆದೇಶಗಳನ್ನು ಓದಿ ನಡೆಸುವ ಪ್ರೋಗ್ರಾಂ; ಪೈಥಾನಿಗೆ ತಲುಪುವುದು ಆ ತುಂಡುಗಳು ಮಾತ್ರ. ಸೊನ್ನೆಯ ಸ್ಥಾನದಲ್ಲಿ ಸ್ಕ್ರಿಪ್ಟಿನ ಹೆಸರು, ಮೂರನೆಯದರಲ್ಲಿ ಬರಿಯ ‘ಕೆ.ಆರ್.’, ನಾಲ್ಕನೆಯದರಲ್ಲಿ, ನನ್ನ ಸ್ಕ್ರಿಪ್ಟ್ ಎಂದೂ ಓದದ ಜಾಗದಲ್ಲಿ, ‘ಪೇಟೆ’ ಇತ್ತು. ಹಳೆಯ ದಾಖಲೆಗಳಲ್ಲಿ ಊರ ಹೆಸರಾದ ಮೇಲೆ ‘ತಾಲ್ಲೂಕು’ ಎಂದೂ ಬರೆದಿದ್ದುದರಿಂದ, ಹೆಸರಿನ ಆರಂಭ ಹೊಂದಿದರೆ ಸಾಕೆಂದು ನಾನು ಬರೆದಿದ್ದ ನಿಯಮಕ್ಕೆ ಪೇಟೆಯೂ ನಗರವೂ ಒಂದೇ ಆಗಿದ್ದವು. ಸ್ಕ್ರಿಪ್ಟ್ ನಿಂತುಹೋಗಿದ್ದರೆ ಅಂದೇ ಸರಿಪಡಿಸುತ್ತಿದ್ದೆ. ದೋಷದ ಸಂದೇಶವೇ ಇಲ್ಲದೆ ತಪ್ಪು ಬಾಕಿಯನ್ನು ತೋರಿಸಿದ್ದು ನನ್ನನ್ನು ನಿಜವಾಗಿ ಕಳವಳಗೊಳಿಸಿತು.

ಉದ್ಧರಣ ಚಿಹ್ನೆಯೊಳಗೆ ಬರೆದುದನ್ನು ಶೆಲ್ ತುಂಡರಿಸುವುದಿಲ್ಲ. ಆದರೆ ಹೆಸರನ್ನು ಹಾಗೆ ಬರೆದರೂ ಫಲಿತಾಂಶ ಬದಲಾಗಲಿಲ್ಲ. ಪೈಥಾನನ್ನು ಕರೆಯುತ್ತಿದ್ದುದು ಒಂದು ಬ್ಯಾಷ್ ಸ್ಕ್ರಿಪ್ಟ್ (ಬ್ಯಾಷ್ ಕೂಡ ಒಂದು ಶೆಲ್), ಮತ್ತು ಅದರಲ್ಲಿ ಮೂರನೆಯ ಆರ್ಗ್ಯುಮೆಂಟನ್ನು, ಅಂದರೆ ಕೊಟ್ಟ ಮೂರನೆಯ ಮೌಲ್ಯವನ್ನು, ಸೂಚಿಸುವ ಡಾಲರ್ ಮೂರು ($3) ಎಂಬುದನ್ನು ಉದ್ಧರಣ ಚಿಹ್ನೆಗಳಿಲ್ಲದೆ ಬರೆದಿದ್ದೆ. ನಾವು ಹಾಕಿದ ಚಿಹ್ನೆಗಳನ್ನು ಮೊದಲ ಶೆಲ್ ತೆಗೆದುಹಾಕಿರುತ್ತದೆ. ಆದ್ದರಿಂದ ಇಡಿಯಾಗಿ ಬಂದ ಹೆಸರನ್ನು ಬ್ಯಾಷ್ ಮತ್ತೊಮ್ಮೆ ತುಂಡರಿಸುತ್ತಿತ್ತು. ಬಂದ ಆರ್ಗ್ಯುಮೆಂಟುಗಳನ್ನು ಬಂದಂತೆಯೇ ಮುಂದಕ್ಕೆ ದಾಟಿಸಲು ಡಾಲರ್ ಮತ್ತು ಆಟ್ ಚಿಹ್ನೆಗಳನ್ನು ($@) ಜೋಡಿ ಉದ್ಧರಣ ಚಿಹ್ನೆಯೊಳಗೇ ಬರೆಯಬೇಕು. ಶೆಲ್ ಕಲಿಸುವವರು ಮೊದಲ ದಿನವೇ ಇದನ್ನು ಹೇಳಿಕೊಡಬೇಕೆಂಬುದು ನನ್ನ ಅಭಿಪ್ರಾಯ.

ಅನಂತರ ಸ್ಥಾನ ನೋಡಿ ಓದುವ ಕ್ರಮವನ್ನೇ ಕೈಬಿಟ್ಟು, ಕೊಟ್ಟ ಮೌಲ್ಯಗಳನ್ನು ಹೆಸರಿನಿಂದ ಗುರುತಿಸಿ ಪರೀಕ್ಷಿಸಲು ಪೈಥಾನಿನ ಜೊತೆಗೇ ಬರುವ ಆರ್ಗ್‌ಪಾರ್ಸ್ ಬಳಸಿದೆ. ಈಗ ತಾಲ್ಲೂಕು ಮತ್ತು ದಿನಾಂಕಗಳನ್ನು ಅವುಗಳ ಹೆಸರಿನಿಂದಲೇ ಕೊಡಬೇಕು, ತಾಲ್ಲೂಕು ನಾನು ಬರೆದಿಟ್ಟ ಪಟ್ಟಿಯಲ್ಲಿ ಇರಲೇಬೇಕು, ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರಬೇಕು. ಇವುಗಳಲ್ಲಿ ಯಾವುದು ತಪ್ಪಿದರೂ, ಹೆಚ್ಚಿನ ಪದವೊಂದು ಉಳಿದರೂ, ಸ್ಕ್ರಿಪ್ಟ್ ತಪ್ಪೇನೆಂದು ತಿಳಿಸಿ 2 ಎಂಬ ಸಂಕೇತದೊಂದಿಗೆ ನಿಲ್ಲುತ್ತದೆ. ಆ ಸಂಕೇತ ಬಂದರೆ ಪಟ್ಟಿಯನ್ನು ಇಮೇಲ್ ಮಾಡಬಾರದೆಂದು ಬ್ಯಾಷ್ ಸ್ಕ್ರಿಪ್ಟಿಗೂ ಸೇರಿಸಿದೆ. ಆಯ್ಕೆಯ ಹೆಸರಿನ ಮೊದಲ ಅಕ್ಷರಗಳಷ್ಟನ್ನೇ ಕೊಟ್ಟರೂ ಆರ್ಗ್‌ಪಾರ್ಸ್ ಸಾಮಾನ್ಯವಾಗಿ ಒಪ್ಪುತ್ತದೆ. ಆರಂಭ ಹೊಂದಿದರೆ ಸಾಕೆಂದು ಒಮ್ಮೆ ತಪ್ಪಿದ್ದ ನಾನು ಆ ಸೌಲಭ್ಯವನ್ನು ನಿಲ್ಲಿಸಿದೆ. ದಾಖಲೆಗಳಲ್ಲಿದ್ದ ‘ತಾಲ್ಲೂಕು’ ಪದವನ್ನು ತೆಗೆದು, ಪೂರ್ತಿ ಹೆಸರು ಹೊಂದಿದರಷ್ಟೇ ಸಾಲನ್ನು ಎತ್ತಿಕೊಳ್ಳುವಂತೆ ಹೋಲಿಕೆಯ ನಿಯಮವನ್ನೂ ಬದಲಿಸಿದೆ.

ಹೊಸ ಪಟ್ಟಿ ಕಳುಹಿಸಿದಾಗ ಮೇಡಂ ಅದನ್ನು ಕೂಡಲೇ ಒಪ್ಪಿಕೊಳ್ಳಲಿಲ್ಲ. ತಮ್ಮ ಲೆಡ್ಜರಿನ ಜೊತೆ ಒಂದೊಂದೇ ಅಂಗಡಿಯನ್ನು ತಾಳೆ ನೋಡಿ, ಸಂಜೆ “ಸರಿ ಇದೆ ಸರ್” ಎಂದು ತಿಳಿಸಿದರು.