ಉದ್ಯಮಬಾಗದಲ್ಲಿ ಟ್ರೇನಿ ಬೇರೆ, ಅಪ್ರೆಂಟಿಸ್ ಬೇರೆ

ಐಟಿಐ ಫಲಿತಾಂಶ ಬಂದ ಮೇಲೆ ಬೆಳಗಾವಿಯ ಕಾರ್ಖಾನೆ ಪ್ರದೇಶಗಳಾದ ಉದ್ಯಮಬಾಗ, ಮಚ್ಛೆ, ಹೊನಗಾ ಕಡೆ ಬಯೊಡೇಟಾ ಹಿಡಿದು ಓಡಾಡುವ ಹುಡುಗರಿಗೆ ಗೇಟಿನಲ್ಲಿ ಕೇಳಿಬರುವ ಮಾತು ಹೆಚ್ಚುಕಡಿಮೆ ಒಂದೇ: "ಟ್ರೇನಿ ಅಂತ ತಗೋತೀವಿ, ಆರ್ ತಿಂಗ್ಳ ನೋಡೂಣು." ಕೆಲಸ ಅದೇ, ಮಷೀನು ಅದೇ, ಶಿಫ್ಟೂ ಅದೇ. ಆದರೆ ಅಪ್ರೆಂಟಿಸ್ ಆಗಿ ಸೇರಿ ಪರೀಕ್ಷೆ ಪಾಸಾದವನಿಗೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಸಿಗುತ್ತದೆ. ಟ್ರೇನಿಗೆ ಸಿಗುವುದು ಕಂಪನಿ ಲೆಟರ್‌ಹೆಡ್ ಮೇಲಿನ ಎರಡು ಸಾಲು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನೋಂದಣಿಯಾದ ಒಪ್ಪಂದವೇ ಇಲ್ಲಿ ಮುಖ್ಯ. ಅದರ ಸಂಖ್ಯೆ ಕೈಗೆ ಬರದಿದ್ದರೆ ನೀವು ಮಾಡುತ್ತಿರುವುದು ಕಡಿಮೆ ಪಗಾರದ ನೌಕರಿ, ಅಷ್ಟೇ.

ಅದಕ್ಕೇ ಗೇಟಿನಲ್ಲಿ ಮೊದಲು ಕೇಳಬೇಕಾದ್ದು ಪಗಾರವಲ್ಲ, ತಲೆ ಲೆಕ್ಕ. ಕಾಂಟ್ರ್ಯಾಕ್ಟ್ ಕಾರ್ಮಿಕರೂ ಸೇರಿ 30 ಅಥವಾ ಹೆಚ್ಚು ಜನರಿರುವ ಕಂಪನಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು: ಒಟ್ಟು ಸಿಬ್ಬಂದಿಯ ಶೇ 2.5ರಿಂದ ಶೇ 15ರವರೆಗೆ. ಅಂದರೆ 120 ಜನರ ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆ) ಕನಿಷ್ಠ 3, ಗರಿಷ್ಠ 18. 4ರಿಂದ 29 ಜನರಿದ್ದರೆ ಮಾಲೀಕರ ಇಷ್ಟ. ನಾಲ್ಕಕ್ಕಿಂತ ಕಡಿಮೆ ಇದ್ದರೆ ಅವಕಾಶವೇ ಇಲ್ಲ. ಉದ್ಯಮಬಾಗದ ಓಣಿಗಳಲ್ಲಿ ಎರಡು ಲೇಥ್, ಒಂದು ಡ್ರಿಲ್ಲಿಂಗ್ ಮಷೀನ್ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ಶೆಡ್‌ಗಳು ಬಹಳ. ಅಲ್ಲಿ ಕೈಕೆಲಸ ಚೆನ್ನಾಗಿ ಕಲಿಯಬಹುದು, ಕೆಲವೊಮ್ಮೆ ದೊಡ್ಡ ಕಂಪನಿಗಿಂತ ಚೆನ್ನಾಗಿ. ಆದರೆ ಮೂರು ಮಂದಿಯ ಶೆಡ್ಡಿನಿಂದ ಪ್ರಮಾಣಪತ್ರ ಬರುವುದಿಲ್ಲ.

ಈ ಶೇಕಡಾ ಲೆಕ್ಕ ಆರ್ಥಿಕ ವರ್ಷದ್ದು. ಹೀಗಾಗಿ ಫಲಿತಾಂಶದ ಗದ್ದಲದಲ್ಲಿ ಜಾಗ ಸಿಗದವರು ಮಾರ್ಚ್‌ಗೆ ಮುಂಚೆ ಇನ್ನೊಮ್ಮೆ ಎಚ್‌ಆರ್ ಬಾಗಿಲು ತಟ್ಟುವುದು ಲೇಸು. ಕನಿಷ್ಠ ಸಂಖ್ಯೆ ತುಂಬದ ಕಂಪನಿಗೆ ಆಗ ನಿಮ್ಮ ಅಗತ್ಯ ಇರುತ್ತದೆ. ಒಪ್ಪಂದ ನೋಂದಣಿಯಾಗುವುದು ಸರ್ಕಾರದ ಪೋರ್ಟಲ್‌ನಲ್ಲಿ, ಹಾಗಾಗಿ ಕೇಳುವುದು ಸರಳ: "ಪೋರ್ಟಲ್‌ನ್ಯಾಗ ಕಾಂಟ್ರ್ಯಾಕ್ಟ್ ಮಾಡಿಸ್ತೀರೇನ್ರಿ ಸರ?" ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಐಟಿಐ ಮುಗಿಸಿದವರ ದಾರಿ ಅಪ್ರೆಂಟಿಸ್‌ಶಿಪ್ ಇಂಡಿಯಾ ಪೋರ್ಟಲ್. ಡಿಪ್ಲೊಮಾ, ಪದವಿಯವರದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯ (ಎನ್‌ಎಟಿಎಸ್) ಪೋರ್ಟಲ್. ಕರ್ನಾಟಕಕ್ಕೆ ಅದನ್ನು ನೋಡಿಕೊಳ್ಳುವುದು ಚೆನ್ನೈನ ದಕ್ಷಿಣ ವಲಯ ಅಪ್ರೆಂಟಿಸ್‌ಶಿಪ್ ತರಬೇತಿ ಮಂಡಳಿ. ಪ್ರೊಫೈಲ್ ತುಂಬಿ, ಆಧಾರ್ ಇ-ಕೆವೈಸಿ ಮುಗಿಸಿ, ಅರ್ಜಿ ಹಾಕಬೇಕು. ಕಂಪನಿ ಆಫರ್ ಕಳಿಸುತ್ತದೆ, ನೀವು ಒಪ್ಪಿದ ಮೇಲೆ ಒಪ್ಪಂದ ತಯಾರಾಗುತ್ತದೆ. 18 ತುಂಬದವರಿದ್ದರೆ ಪಾಲಕರ ಸಹಿಯೂ ಬೇಕು. ಬಾಯಿಮಾತಿನಲ್ಲಿ ಆಯ್ಕೆಯಾದರೂ ಈ ಕ್ರಮ ತಪ್ಪದು.

ಇದು ಕೆಡುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಅಡ್ಡಹೆಸರು ಪೂರ್ತಿ ಇರುತ್ತವೆ, ಆಧಾರ್‌ನಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಅಡ್ಡಹೆಸರು ಬರೆಯುವ ರೂಢಿ ಇರುವುದರಿಂದ ಈ ತೊಡಕು ಜಾಸ್ತಿ. ಅರ್ಜಿ ಹಾಕುವ ಮೊದಲೇ ಆಧಾರ್ ತಿದ್ದಿಸಿ. ಎರಡನೆಯದು ಬ್ಯಾಂಕ್ ಖಾತೆ. 2019ರ ನಿಯಮದಲ್ಲಿ ಐಟಿಐ ಆದವರಿಗೆ ಕನಿಷ್ಠ ಸ್ಟೈಪೆಂಡ್ ತಿಂಗಳಿಗೆ 7,000 ರೂಪಾಯಿ, ಡಿಪ್ಲೊಮಾಕ್ಕೆ 8,000, ಪದವಿಗೆ 9,000. ಇದನ್ನು ಶೇ 36ರಷ್ಟು ಏರಿಸಲು ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ 2025ರಲ್ಲಿ ಶಿಫಾರಸು ಮಾಡಿದೆ, ಹಾಗಾಗಿ ಸಹಿ ಮಾಡುವ ದಿನ ಜಾರಿಯಲ್ಲಿರುವ ಅಂಕಿಯನ್ನು ಪೋರ್ಟಲ್‌ನಲ್ಲೇ ನೋಡಿ. ಐಟಿಐಯವರ ಸ್ಟೈಪೆಂಡ್‌ನಲ್ಲಿ ಶೇ 25, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರದ ಪಾಲು. 2023ರಿಂದ ಅದು ನೇರ ನಿಮ್ಮ ಖಾತೆಗೇ ಬರುತ್ತದೆ. 7,000ದಲ್ಲಿ 5,500 ಮಾತ್ರ ಬಂದರೆ ಕಂಪನಿ ನುಂಗಿತು ಎಂದು ಜಗಳಕ್ಕೆ ಹೋಗುವ ಮುಂಚೆ ಖಾತೆಗೆ ಆಧಾರ್ ಜೋಡಣೆ (ಸೀಡಿಂಗ್) ಆಗಿದೆಯೇ, ಕಂಪನಿಯವರು ಪೋರ್ಟಲ್‌ನಲ್ಲಿ ಹಾಜರಿ ಏರಿಸಿದ್ದಾರೆಯೇ ವಿಚಾರಿಸಿ. ಪಿಎಫ್, ಇಎಸ್‌ಐ ಕಡಿತ ಅಪ್ರೆಂಟಿಸ್‌ಗೆ ಇಲ್ಲ. ಕಡಿತ ಕಂಡರೆ ನಿಮ್ಮನ್ನು ಬೇರೆ ಯಾವುದೋ ಲೆಕ್ಕದಲ್ಲಿ ಸೇರಿಸಿಕೊಂಡಿರಬಹುದು.

ಕಾಗದ ಸರಿಯಿದ್ದರೂ ಕಲಿಕೆ ಕೆಡಬಹುದು. ಟರ್ನರ್, ಮಷಿನಿಸ್ಟ್ ಹುಡುಗರನ್ನು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮಷೀನ್) ಮುಂದೆ ನಿಲ್ಲಿಸಿ ಜಾಬ್ ಹಚ್ಚು, ಬಟನ್ ಒತ್ತು, ಜಾಬ್ ತೆಗಿ ಎಂದು ವರ್ಷ ಕಳೆಸುವುದುಂಟು. ಆ ವರ್ಷದಲ್ಲಿ ಕೈಗೆ ಹತ್ತಬೇಕಾದ್ದು ಡ್ರಾಯಿಂಗ್ ಓದುವುದು, ಇನ್ಸರ್ಟ್ (ಟೂಲಿನ ಕತ್ತರಿಸುವ ತುಂಡು) ಬದಲಿಸುವುದು, ಅದು ಸವೆದಂತೆ ಮಷೀನಿನಲ್ಲಿ ಅಳತೆ ಸರಿಪಡಿಸುವ ಆಫ್‌ಸೆಟ್ ಕೊಡುವುದು, 0.02 ಮಿಮೀ ವರ್ನಿಯರ್‌ನಲ್ಲಿ ನೋಡಿ ಸಾಕೆನಿಸದ ಕಡೆ 0.01 ಮಿಮೀ ಮೈಕ್ರೊಮೀಟರ್ ಹಿಡಿಯುವುದು. ಫೌಂಡ್ರಿಯಲ್ಲಾದರೆ ಫಿಟ್ಟರ್‌ಗಳನ್ನು ಫೆಟ್ಲಿಂಗ್‌ಗೆ (ಎರಕದ ಮೇಲಿನ ಹೆಚ್ಚುವರಿ ಲೋಹ ಉಜ್ಜಿ ತೆಗೆಯುವುದು) ಹಾಕಿ ಗ್ರೈಂಡರ್ ಕೊಟ್ಟುಬಿಡುತ್ತಾರೆ. ಮೋಲ್ಡಿಂಗ್, ಕೋರ್, ಮೆಲ್ಟಿಂಗ್, ಮಷೀನ್ ಶಾಪ್ ಎಲ್ಲಿ ಎಷ್ಟು ತಿಂಗಳು ಎಂದು ಸೇರುವ ದಿನವೇ ಕೇಳಿ. ದಿನಚರಿ ಪುಸ್ತಕದಲ್ಲಿ "ಕೆಲಸ ಮಾಡಿದೆ" ಎಂದು ಬರೆದು ಪುಟ ತುಂಬಿಸಬೇಡಿ. ಯಾವ ಭಾಗ, ಬೀಡೋ ಉಕ್ಕೋ, ಯಾವ ಟೂಲ್, ಎಷ್ಟು ಟಾಲರೆನ್ಸ್ (ಅಳತೆಯಲ್ಲಿ ನಡೆಯುವ ಹೆಚ್ಚುಕಡಿಮೆ), ರಿಜೆಕ್ಟ್ ಆಗಿದ್ದರೆ ಯಾಕೆ ಎಂದು ಬರೆದು ಸೂಪರ್‌ವೈಸರ್ ಸಹಿ ಮಾಡಿಸಿ. ಉದಾಹರಣೆಗೆ, ಮರಳಿನಲ್ಲಿ ತೇವ ಹೆಚ್ಚಾಗಿ ಎರಕದಲ್ಲಿ ಬ್ಲೋ ಹೋಲ್ (ಗಾಳಿಯ ತೂತು) ಬಿದ್ದದ್ದು. ಮುಂದಿನ ಇಂಟರ್‌ವ್ಯೂನಲ್ಲಿ ಕೇಳುವುದು ಇದನ್ನೇ.

ಪೀಸ್ ಲೆಕ್ಕದಲ್ಲಿ ದುಡಿಸುವಂತಿಲ್ಲ, ಅಪ್ರೆಂಟಿಸ್‌ಶಿಪ್ ಅಧಿಕಾರಿಯ ಒಪ್ಪಿಗೆ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕಾರ್ಮಿಕರಂತೆಯೇ. ತರಬೇತಿ ಮುಗಿದ ಮೇಲೆ ನೌಕರಿ ಕೊಡಲೇಬೇಕೆಂಬ ಕಟ್ಟು ಮಾತ್ರ ಕಂಪನಿಗೆ ಇಲ್ಲ.

ಬೆಳಗಾವಿಯಲ್ಲೇ ಇರಬೇಕೆಂಬ ಹಟ ಇಲ್ಲದಿದ್ದರೆ ಹುಬ್ಬಳ್ಳಿ ಕಡೆಯೂ ನೋಡಿ. ನೈಋತ್ಯ ರೈಲ್ವೆ ಅಧಿಸೂಚನೆ ಬಂದಾಗ ಪರೀಕ್ಷೆ, ಸಂದರ್ಶನ ಇರುವುದಿಲ್ಲ. ಹತ್ತನೆಯ ತರಗತಿ ಮತ್ತು ಐಟಿಐ ಅಂಕಗಳ ಸರಾಸರಿಯೇ ಪಟ್ಟಿ. ವಯಸ್ಸು 15ರಿಂದ 24, ಮೀಸಲಾತಿಯವರಿಗೆ ಸಡಿಲಿಕೆ. ರೈಲ್ವೆಯಲ್ಲೇ ಅಪ್ರೆಂಟಿಸ್‌ಶಿಪ್ ಮುಗಿಸಿದವರಿಗೆ ಲೆವೆಲ್-1 (ಅತಿ ಕೆಳಗಿನ ವೇತನ ಶ್ರೇಣಿ) ನೇಮಕಾತಿಯಲ್ಲಿ ಶೇ 20 ಜಾಗ ಮೀಸಲು. ಊರು ಬಿಡಲು ಇಷ್ಟು ಸಾಕು ಎನ್ನುವವರಲ್ಲಿ ನಾವೂ ಒಬ್ಬರು.

ಅಂಥ ಕರೆ ಬಂದು ಈಗಿನ ಕಂಪನಿ ಬಿಡುವುದಾದರೆ ಸುಮ್ಮನೆ ಬರುವುದು ನಿಲ್ಲಿಸಬೇಡಿ. ಹಳೆಯ ಒಪ್ಪಂದ ಪೋರ್ಟಲ್‌ನಲ್ಲಿ ತೆರೆದೇ ಇದ್ದರೆ ಹೊಸದು ತಯಾರಾಗುವುದಿಲ್ಲ. ಎಚ್‌ಆರ್‌ಗೆ ಬರೆದು ಕೊಟ್ಟು, ರದ್ದಾದದ್ದನ್ನು ನಿಮ್ಮ ಲಾಗಿನ್‌ನಲ್ಲಿ ನೋಡಿಕೊಂಡೇ ಗೇಟ್ ಪಾಸ್ ಹಿಂದಿರುಗಿಸಿ.